ನನ್ನ ಹಾಡು ಕೇಳಿ ಮಣ್ಣಿಗೆ ಬಂದವರು

ನನ್ನ ದನಿ ಎತ್ತರದ್ದು. ಹುಟ್ಟಿದಾಗಿನಿಂದ ಈ ಒಂದು ತಪ್ಪನ್ನು ಹೊತ್ತುಕೊಂಡು ತಿರುಗುತ್ತಿದ್ದೇನೆ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತರೆ ಮೇಷ್ಟ್ರು ಹತ್ತಿರ ಬಂದು, "ಸ್ವಲ್ಪ ಇಳಿಸಮ್ಮ, ಎಲ್ಲರ ಜೊತೆ ಹೋಗು" ಎನ್ನುತ್ತಿದ್ದರು. ಮದುವೆಮನೆಯಲ್ಲಿ ಸೋಬಾನೆಗೆ ದನಿಗೂಡಿಸಿದರೆ ಪಕ್ಕದ ಹೆಂಗಸು ಮೊಣಕೈಯಿಂದ ತಿವಿಯುತ್ತಿದ್ದಳು. ಭಜನೆಯಲ್ಲಿ ಹಾರ್ಮೋನಿಯಂ ಹಿಡಿದವರು ಶ್ರುತಿಯನ್ನು ಗಂಡಸರಿಗೆ ಹೊಂದುವಂತೆ ಇಟ್ಟುಕೊಳ್ಳುತ್ತಿದ್ದರು, ಹೆಂಗಸರು ಅದರೊಳಗೆ ಹೇಗೋ ನುಸುಳಿಕೊಳ್ಳಬೇಕಿತ್ತು. ನಾನು ನುಸುಳಲಿಲ್ಲ, ಬಾಯಿ ಮುಚ್ಚಿಕೊಂಡೆ. ಈಗ ನನಗೆ ನಲವತ್ತಾರು. ಬಾಯಿ ಮುಚ್ಚಿಸಿದವರಲ್ಲಿ ಅರ್ಧ ಜನ ತೀರಿಕೊಂಡಿದ್ದಾರೆ, ಅವರ ಮೇಲೆ ಸಿಟ್ಟು ಮಾಡಿ ಫಲವಿಲ್ಲ. ಉಳಿದ ಅರ್ಧ ಜನರ ಮೇಲೆ ಮಾಡುತ್ತೇನೆ. ನನಗೂ ಒಂದು ಪಾಲು ಇಟ್ಟುಕೊಂಡಿದ್ದೇನೆ.

ನನ್ನ ತವರು ಹರಪನಹಳ್ಳಿ. ಅಲ್ಲಿ ಹೈಸ್ಕೂಲಿನಲ್ಲಿ ಓದುವಾಗ ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಇಂಗ್ಲಿಷ್ ಟೀಚರಮ್ಮ ಒಬ್ಬರೇ ಇದ್ದರು. ಕರಾವಳಿಯ ಕಡೆಯವರು. ಚಿಕ್ಕಂದಿನಲ್ಲಿ ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದಿ, ಅಲ್ಲೇ ಯುರೋಪಿನ ಶಾಸ್ತ್ರೀಯ ಗಾಯನ ಕಲಿತಿದ್ದರು. ಒಂದು ದಿನ ಅವರ ಮನೆಗೆ ನೋಟ್ಸ್ ತರಲು ಹೋದೆ. ಅಂಗಳದಲ್ಲಿ ನಾಯಿಯೊಂದು ಮೈಮೇಲೆ ಬಂತು, ಹೆದರಿ ಕೂಗಿದೆ. ನಾಯಿ ಓಡಿಹೋಯಿತು. ಟೀಚರಮ್ಮ ಹೊರಗೆ ಬಂದು ನಾಯಿ ಕಚ್ಚಿತೇ ಎಂದು ಕೇಳಲಿಲ್ಲ. "ಇನ್ನೊಮ್ಮೆ ಹಾಗೆಯೇ ಕೂಗು" ಎಂದರು.

ನನ್ನ ದನಿಗೆ ಒಂದು ಹೆಸರಿದೆ ಎಂದು ಅವತ್ತು ಗೊತ್ತಾಯಿತು. ಸೊಪ್ರಾನೊ. ಹೆಣ್ಣಿನ ದನಿಗಳಲ್ಲಿ ಎಲ್ಲಕ್ಕಿಂತ ಮೇಲಿನದು. ನಮ್ಮೂರಲ್ಲಿ ಮೊಣಕೈಯಿಂದ ತಿವಿಸಿಕೊಳ್ಳುವ ಈ ದನಿಗಾಗಿಯೇ ಎಲ್ಲೋ ದೂರದ ದೇಶದಲ್ಲಿ ದೊಡ್ಡ ದೊಡ್ಡವರು ಕೂತು ಹಾಡು ಬರೆದಿದ್ದರಂತೆ. ಇದನ್ನು ಕೇಳಿ ನನಗೆ ಸಂತೋಷವಾಗಬೇಕಿತ್ತು. ನನಗೆ ಬಂದದ್ದು ಸಿಟ್ಟು. ಇಷ್ಟು ವರ್ಷ ಒಬ್ಬರೂ ಹೇಳಲಿಲ್ಲವಲ್ಲ ಎಂದು ಅಲ್ಲೇ ಕೂತು ಅತ್ತುಬಿಟ್ಟೆ.

ಅವರು ನನಗೆ ಕಲಿಸಿದ್ದು ಒಂದೇ ಹಾಡು. ಇನ್ನೂರು ವರ್ಷಕ್ಕೂ ಹಿಂದಿನದು, ಮಾತು ಇಟಾಲಿಯನ್. ಅದನ್ನು ಕನ್ನಡ ಅಕ್ಷರದಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಂಡಿದ್ದೆ. ಮೊದಲ ಅರ್ಧ ನಿಧಾನ, ಎರಡನೆಯ ಅರ್ಧ ವೇಗ, ಕೊನೆಗೆ ಒಂದು ಸಾಲು ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಮೇಲೆ ನಿಲ್ಲಬೇಕು. ಅರ್ಥ ಬಹಳ ಸರಳ. ಒಬ್ಬ ಹೆಂಗಸು ತಾನು ಪ್ರೀತಿಸಿದವನನ್ನು ಊರ ಜನರ ಎದುರು ಹೆಸರು ಹಿಡಿದು ಕರೆಯುತ್ತಾಳೆ. ಕೇಳುವವರೆಲ್ಲ ಕೇಳಲಿ, ನಾನು ಇವನವಳು ಎನ್ನುತ್ತಾಳೆ. ಅಷ್ಟೇ. ನಮ್ಮ ಅವ್ವ ರೇಷನ್ ಕಾರ್ಡು ಮಾಡಿಸುವಾಗಲೂ ನಮ್ಮಪ್ಪನ ಹೆಸರನ್ನು ಬಾಯಲ್ಲಿ ಹೇಳದೆ ನನ್ನ ಮುಖ ನೋಡಿದವಳು. ಅವಳ ಮಗಳು ಹದಿನಾರನೇ ವಯಸ್ಸಿನಲ್ಲಿ ಈ ಹಾಡು ಕಲಿಯುತ್ತಿದ್ದಳು. ಕೊನೆಯ ಆ ಹತ್ತುವ ಸಾಲು ಬರುವ ಮೊದಲೇ ಓದಿಗೆಂದು ದಾವಣಗೆರೆಗೆ ಹೋದೆ. ಆಮೇಲೆ ನೌಕರಿ, ಆಮೇಲೆ ಕೊಟ್ಟೂರಿನ ಗಂಡ.

ಕೊಟ್ಟೂರಿನಲ್ಲಿ ನಮ್ಮವರದು ಬೀಜ, ಗೊಬ್ಬರದ ಅಂಗಡಿ. ನಾನು ದಿನಾ ಬಸ್ಸು ಹಿಡಿದು ಹಗರಿಬೊಮ್ಮನಹಳ್ಳಿಯ ಹೈಸ್ಕೂಲಿಗೆ ಹೋಗಿ ವಿಜ್ಞಾನ ಕಲಿಸಿ ಬರುತ್ತೇನೆ. ಮನೆಯಲ್ಲಿ ಅತ್ತೆ ಇದ್ದರು. ಒಳ್ಳೆಯ ಹೆಂಗಸೇ. ನನಗೆ ಊಟಕ್ಕೆ ಕಡಿಮೆ ಮಾಡಿದವರಲ್ಲ, ಸಂಬಳ ಕೇಳಿದವರಲ್ಲ. ನನ್ನ ದನಿಯೊಂದನ್ನು ಮಾತ್ರ ಅವರು ತಾಳುತ್ತಿರಲಿಲ್ಲ. ಅಡುಗೆಮನೆಯಿಂದ ಗಂಡನನ್ನು ಕೂಗಿದರೂ, "ಮೆಲ್ಲಕ ಅನ್ನವ್ವ, ಓಣಿಗೆಲ್ಲಾ ಕೇಳತೈತಿ" ಎನ್ನುತ್ತಿದ್ದರು.

ಎರಡು ವರ್ಷದ ಹಿಂದೆ, ಶಾಲೆಗೆ ಬೇಸಿಗೆ ರಜೆ ಬಿಟ್ಟ ವಾರ, ಟೀಚರಮ್ಮನಿಂದ ಫೋನು ಬಂತು. ಎಂಬತ್ತು ದಾಟಿದ್ದರು. "ಒಂದು ಕಿವಿ ಹೋಯಿತು. ಇನ್ನೊಂದು ದೀಪಾವಳಿಯವರೆಗೆ ಇದ್ದೀತು ಎಂದು ಡಾಕ್ಟರು ಹೇಳಿದ್ದಾರೆ. ಆ ಹಾಡನ್ನು ಪೂರ್ತಿ ಮಾಡಿಕೊಂಡು ಬಂದು ನನ್ನೆದುರು ಒಮ್ಮೆ ಹಾಡು. ನಿನ್ನಿಂದ ನಾನು ಬೇರೇನೂ ಕೇಳಿಲ್ಲ" ಎಂದರು. ನಿಜವಾಗಿಯೂ ಅವರು ಬೇರೇನೂ ಕೇಳಿರಲಿಲ್ಲ. ಟ್ರಂಕಿನಿಂದ ನೋಟ್‌ಬುಕ್ ತೆಗೆದೆ. ಮೊಬೈಲಿನಲ್ಲಿ ಹುಡುಕಿದರೆ ಆ ಹಾಡನ್ನು ಹಾಡಿದ ಹತ್ತಾರು ಹೆಂಗಸರು ಸಿಕ್ಕರು. ಅವರ ಜೊತೆ ತುಟಿಯಲ್ಲೇ ಹಾಡಿ ಹಾಡಿ ಬಾಯಿಪಾಠ ಮಾಡಿಕೊಂಡೆ. ಆದರೆ ಆ ಕೊನೆಯ ಸಾಲು ತುಟಿಯಲ್ಲಿ ಬರುವಂಥದ್ದಲ್ಲ. ಹೊಟ್ಟೆಯಿಂದ ಎತ್ತಬೇಕು, ಇಲ್ಲವೆಂದರೆ ಅರ್ಧ ದಾರಿಯಲ್ಲಿ ದನಿ ಒಡೆಯುತ್ತದೆ.

ಒಂದು ಸೋಮವಾರ ಅತ್ತೆ ಗುಡಿಗೆ ಹೋದರು. ಗಂಡ ಅಂಗಡಿಯಲ್ಲಿದ್ದರು. ಮಕ್ಕಳು ಹರಪನಹಳ್ಳಿಯ ಅಜ್ಜಿಯ ಮನೆಗೆ ಹೋಗಿದ್ದರು. ನಡುಮನೆಯಲ್ಲಿ ನಿಂತು, ಕಣ್ಣು ಮುಚ್ಚಿ, ಮದುವೆಯಾದ ಮೇಲೆ ಮೊದಲ ಸಲ ಬಾಯಿ ತುಂಬ ಹಾಡಿದೆ. ಕೊನೆಯ ಸಾಲು ಒಡೆಯಿತು. ಮತ್ತೆ ಹಾಡಿದೆ. ಮತ್ತೆ ಒಡೆಯಿತು. ಅದೊಂದೇ ಸಾಲನ್ನು ಹದಿನೈದು ಇಪ್ಪತ್ತು ಸಲ ಹತ್ತಿಸಿ ಇಳಿಸಿರಬೇಕು.

ಹೊರಗಿನವರಿಗೆ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಹೆಣದ ಮುಂದೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ದನಿಯನ್ನು ಮೇಲಕ್ಕೆ ಒಯ್ದು, ಅಲ್ಲಿ ಹಿಡಿದು, ಒಡೆದು ಕೆಳಗೆ ತರುತ್ತಾರೆ. ಒಂದೇ ಸಾಲನ್ನು ಮತ್ತೆ ಮತ್ತೆ ಎತ್ತುತ್ತಾರೆ. ಆ ದನಿ ಕಿವಿಗೆ ಬಿದ್ದರೆ ಓಣಿಯವರು ಒಲೆ ಆರಿಸಬೇಕು, ತಲೆಯ ಮೇಲೆ ಸೆರಗು ಹಾಕಿಕೊಂಡು ಆ ಮನೆಗೆ ಹೋಗಬೇಕು. ಮಣ್ಣು, ಅಂದರೆ ಹೂಳುವ ಶಾಸ್ತ್ರ, ಮುಗಿಯುವವರೆಗೆ ಓಣಿಯಲ್ಲಿ ಯಾರೂ ಉಣ್ಣುವಂತಿಲ್ಲ. ಇದರಲ್ಲಿ ತಪ್ಪಿದವರನ್ನು ಜನ ಹತ್ತು ವರ್ಷವಾದರೂ ಆಡಿಕೊಳ್ಳುತ್ತಾರೆ.

ನೀರು ಕುಡಿಯಲು ಹಾಡು ನಿಲ್ಲಿಸಿದಾಗ ಹೊರಗೆ ಗುಜುಗುಜು ಕೇಳಿಸಿತು. ಬಾಗಿಲು ತೆಗೆದರೆ ಕಟ್ಟೆಯ ತುಂಬ ಹೆಂಗಸರು. ಗಂಡಸರು ಹೆಗಲ ಮೇಲೆ ಟವೆಲ್ ಹಾಕಿಕೊಂಡು ಎದುರಿನ ಗೋಡೆಗೆ ಸಾಲಾಗಿ ನಿಂತಿದ್ದಾರೆ. ಮೂಲೆಯ ಕಿರಾಣಿ ಅಂಗಡಿಯವರು ಅರ್ಧ ಷಟರ್ ಎಳೆದಿದ್ದಾರೆ. ಎದುರು ಮನೆಯ ಅಕ್ಕ ಕೈಯಲ್ಲಿದ್ದ ರೊಟ್ಟಿಯ ಹಿಟ್ಟನ್ನೂ ತೊಳೆಯದೆ ಬಂದು ನನ್ನನ್ನು ತಬ್ಬಿಕೊಂಡರು.

"ಯಾವಾಗ ಹೋತವ್ವ ಜೀವ?" ಎಂದರು.

"ಯಾರದಕ್ಕಾ?"

"ನಿಮ್ಮತ್ತೀದು."

ಸರಿಯಾಗಿ ಆ ಹೊತ್ತಿಗೆ ಅತ್ತೆ ಓಣಿಯ ತಿರುವಿನಲ್ಲಿ ಕಾಣಿಸಿದರು, ಸ್ಟೀಲಿನ ಡಬ್ಬಿಯಲ್ಲಿ ಒಡೆದ ಕಾಯಿ ಹಿಡಿದುಕೊಂಡು. ಗೋಡೆಗೆ ನಿಂತಿದ್ದ ಹಿರಿಯರೊಬ್ಬರು ಅವರನ್ನು ಮೊದಲು ನೋಡಿ, "ಇಲ್ಲೇ ಬರಾಕತ್ಯಾರ ನೋಡ್ರಿ" ಎಂದು ಬಹಳ ಶಾಂತವಾಗಿ ಹೇಳಿದರು. ಅತ್ತೆ ತಮ್ಮ ಮನೆಯ ಮುಂದೆ ಕೂಡಿದ ಮಂದಿಯನ್ನು ನೋಡಿ ತಮ್ಮ ಮಗನಿಗೇ ಏನೋ ಆಗಿದೆ ಎಂದುಕೊಂಡು ಡಬ್ಬಿ ಬಿಟ್ಟರು. ಅವರಿಗೆ ಮಗ ಬದುಕಿದ್ದಾನೆ, ಸತ್ತವರು ನೀವೇ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಅಷ್ಟರಲ್ಲಿ ಯಾರೋ ಹಡಗಲಿಯಲ್ಲಿರುವ ಮೈದುನನಿಗೆ ಫೋನು ಮಾಡಿಯಾಗಿತ್ತು. ಅವನು ದಾರಿಯಲ್ಲೇ ಒಂದು ದೊಡ್ಡ ಹಾರ ಕೊಂಡು, ಬೈಕಿನ ಹ್ಯಾಂಡಲಿಗೆ ಸಿಕ್ಕಿಸಿಕೊಂಡು ಬಂದ. ಅವನ ತಾಯಿ ಕಟ್ಟೆಯ ಮೇಲೆ ಚಾ ಕುಡಿಯುತ್ತಾ ಕೂತಿದ್ದರು.

ನಗಬಹುದಾದ ಕಥೆ ಇದು. ಅವತ್ತು ನಾನೂ ನಕ್ಕೆ, ನಕ್ಕಿದ್ದೇ ದೊಡ್ಡ ಅಪರಾಧವಾಯಿತು. ಮಂದಿ ಚದುರಿದ ಮೇಲೆ ಅತ್ತೆ ನನ್ನನ್ನು ಎದುರು ನಿಲ್ಲಿಸಿಕೊಂಡರು.

"ಜೀವ ಇರೋ ಮನ್ಯಾಗ ಅತ್ತು ಕರದಿ. ನನ್ನ ಹೆಣಾ ಬೀಳೂಕಿಂತ ಮೊದಲಽ ಬಾಯಿ ಮಾಡಿದಿ."

"ಅಳಲಿಲ್ರಿ ಅತ್ತಿ. ಅದು ಹಾಡು."

"ಎಂಥಾ ಹಾಡು?"

"ಪ್ರೀತಿದು."

ಹೇಳಬಾರದಿತ್ತು. "ಯಾರ ಮ್ಯಾಲ?" ಎಂದರು. ಇಪ್ಪತ್ತೊಂದು ವರ್ಷ ಸಂಸಾರ ಮಾಡಿದ ಸೊಸೆಗೆ ಕೇಳುವ ಪ್ರಶ್ನೆಯೇ ಇದು? ನಮ್ಮವರು ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದರು. ಆ ಹಾಡಿನ ಅರ್ಥ ಅವರಿಗೆ ಗೊತ್ತು. ಮದುವೆಯಾದ ಹೊಸತರಲ್ಲಿ ನಾನೇ ಹೇಳಿದ್ದೆ, ಅವರು ಕಿವಿಯವರೆಗೆ ಕೆಂಪಾಗಿದ್ದರು. ಒಂದು ಮಾತು ಅವರ ಬಾಯಿಂದ ಬರಬಹುದೆಂದು ಕಾದೆ. ಬಂದದ್ದು ಇದು: "ಹಾಡೋದಿದ್ರ ಸಣ್ಣಗ ಹಾಡು. ಯಾರಿಗೂ ಕೇಳದಂಗ."

ಯಾರಿಗೂ ಕೇಳದಂತೆ. ಕೇಳುವವರೆಲ್ಲ ಕೇಳಲಿ ಎನ್ನುವ ಹಾಡನ್ನು. ನನ್ನ ಅತ್ತೆಯ ಮೇಲೆ ಅಷ್ಟು ಸಿಟ್ಟು ಬರಲಿಲ್ಲ, ಈ ಮನುಷ್ಯನ ಮೇಲೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಓಣಿಯ ಮುದುಕಿಯರು ಅಪಶಕುನ ಎಂದರು, ಮರುದಿನ ಮಠದ ಅಯ್ಯನೋರು ಬಂದು ಮನೆಯ ಮೂಲೆಮೂಲೆಗೂ ನೀರು ಚಿಮುಕಿಸಿದರು. ಅತ್ತೆಯ ಕಾಲಿಗೆ ಬಿದ್ದು ತಪ್ಪಾಯಿತು ಎನ್ನಲು ಹೇಳಿದರು. ಬಿದ್ದೆ, ತಪ್ಪಾಯಿತು ಎಂದೆ. ನನ್ನ ಸಿಟ್ಟಿನಲ್ಲಿ ನನಗೂ ಒಂದು ಪಾಲಿದೆ ಎಂದೆನಲ್ಲ, ಅದು ಇದಕ್ಕೆ.

ಅತ್ತೆ ಆ ಸೋಮವಾರವನ್ನು ಬಹಳ ದಿನ ಬಿಡಲಿಲ್ಲ. ಯಾರು ಯಾರು ಬಂದಿದ್ದರು, ಯಾರು ಬರಲಿಲ್ಲ ಎಂದು ಎದುರು ಮನೆಯ ಅಕ್ಕನನ್ನು ಕೇಳಿ ಕೇಳಿ ತಿಳಿದುಕೊಂಡರು. ಹಿಂದಿನ ಓಣಿಯ ತಮ್ಮ ಬೀಗಿತ್ತಿ ಸುದ್ದಿ ಕೇಳಿಯೂ ಬರಲಿಲ್ಲ ಎಂದು ಗೊತ್ತಾಗಿ ಅವರ ಜೊತೆ ಮಾತು ಬಿಟ್ಟರು. ಕೊನೆಯವರೆಗೂ ಆಡಲಿಲ್ಲ.

ನಾನು ಬೇರೆ ಜಾಗ ಹುಡುಕಿದೆ. ಶಾಲೆ ಶುರುವಾದ ಮೇಲೆ ಸಂಜೆ ಪ್ರಯೋಗಾಲಯದ ಬಾಗಿಲು ಹಾಕಿಕೊಂಡು ಎರಡು ದಿನ ಹಾಡಿದೆ. ಮೂರನೆಯ ದಿನ ಹೆಡ್ ಮಾಸ್ತರು ಕರೆದು, "ಮೇಡಂ, ಏನರ ಮನ್ಯಾಗ ತ್ರಾಸಿದ್ರ ರಜಾ ತಗೋರಿ. ಹುಡುಗರು ಹೆದರ್ತಾವು" ಎಂದರು. ಒಂದು ಭಾನುವಾರ ಕೋಗಳಿಯ ಹಳೆಯ ಬಸದಿಯ ಆಚೆ, ಜನವಿಲ್ಲದ ಹೊಲದ ಬದುವಿನಲ್ಲಿ ನಿಂತೆ. ಅರ್ಧ ಹಾಡಿರಲಿಲ್ಲ, ಕುರಿ ಕಾಯುವ ಮುದುಕರೊಬ್ಬರು ಏದುಸಿರು ಬಿಡುತ್ತಾ ಓಡಿಬಂದರು. "ಯಾಕಬೇ ತಾಯಿ, ಯಾರು ಹೋದ್ರು?" ಎಂದು ತಮ್ಮ ನೀರಿನ ಬಾಟಲಿ ಕೊಟ್ಟರು. ಅವರ ಮೇಲೆ ಹೇಗೆ ಸಿಟ್ಟು ಮಾಡಲಿ? ನೀರು ಕುಡಿದೆ, ಯಾರೂ ಹೋಗಿಲ್ಲ ಎಂದೆ. ಅವರು ನಂಬಲಿಲ್ಲ. ಬಸ್ಸು ಬರುವವರೆಗೆ ನನ್ನ ಜೊತೆ ರಸ್ತೆಯಲ್ಲಿ ನಿಂತರು.

ಹೀಗೆ ಒಂದೊಂದೇ ತಿಂಗಳು ಹೋಯಿತು. ಇಂದು ಹೋಗುತ್ತೇನೆ, ಸಾಲು ಬರಲಿ, ನಾಳೆ ಹೋಗುತ್ತೇನೆ ಎಂದುಕೊಂಡೆ. ದೀಪಾವಳಿ ಕಳೆದು ಮೂರು ವಾರಕ್ಕೆ ಹರಪನಹಳ್ಳಿಗೆ ಹೋದಾಗ ಟೀಚರಮ್ಮ ಬಾಗಿಲು ತೆಗೆದು ನನ್ನ ತುಟಿಗಳನ್ನೇ ನೋಡಿದರು. "ತಡ ಮಾಡಿದೆ" ಎಂದರು, ಕಿವಿ ಕೇಳದವರು ಮಾತಾಡುವ ಹಾಗೆ ಗಟ್ಟಿಯಾಗಿ. ಮೇಜಿನ ಮೇಲಿದ್ದ ಹಾಳೆಯಲ್ಲಿ, 'ಮನೆಯಲ್ಲಿ ಬಿಡಲಿಲ್ಲ' ಎಂದು ಬರೆದು ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ಓದಿದರು. "ಈ ಊರಿನಲ್ಲಿ ಮೂವತ್ತು ವರ್ಷ ಪಾಠ ಮಾಡಿದೆ. ಹುಡುಗಿಯರು ಎಲ್ಲದಕ್ಕೂ ಈ ಒಂದೇ ಉತ್ತರ ಬರೆದರು" ಎಂದರು. ನನ್ನನ್ನು ಹಾಡು ಎನ್ನಲಿಲ್ಲ. ಚಹಾ ಮಾಡಿಕೊಟ್ಟು, ಬಸ್ಸಿಗೆ ಹೊತ್ತಾಯಿತು ಎಂದು ಕಳಿಸಿದರು. ಬಸ್ಸಿನಲ್ಲಿ ಮಂದಿಯ ನಡುವೆ ನಿಂತುಕೊಂಡು ಬಂದೆ. ಕಣ್ಣಲ್ಲಿ ನೀರಿರಲಿಲ್ಲ. ಸೀಟಿನ ಕಂಬಿಯನ್ನು ಹಿಡಿದ ಹಿಡಿತಕ್ಕೆ ಅಂಗೈ ಕೆಂಪಾಗಿತ್ತು.

ಕಳೆದ ವರ್ಷ ಆಷಾಢದಲ್ಲಿ ಅತ್ತೆ ತೀರಿಕೊಂಡರು. ಬೆಳಗ್ಗೆ ಚಹಾ ಕುಡಿದು ಹಾಗೆಯೇ ಗೋಡೆಗೆ ಒರಗಿದವರು ಏಳಲಿಲ್ಲ. ಸಾವು ಬಂದರೆ ಹೀಗೆ ಬರಬೇಕು ಎಂದು ಎಲ್ಲರೂ ಅಂದರು. ನಮ್ಮ ಪದ್ಧತಿಯಂತೆ ಅವರನ್ನು ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ಹಣೆ ತುಂಬ ವಿಭೂತಿ ಹಚ್ಚಿ, ಹಾರ ಹಾಕಿದರು. ಗಂಡಸರು ಬಾಗಿಲ ಬಳಿ ಭಜನೆಗೆ ಕೂತರು. ಓಣಿಯ ಹೆಂಗಸರು ಒಲೆ ಆರಿಸಿ ಬಂದರು. ಬಂದವರು ಸುಮ್ಮನೆ ಕೂತರು.

ಹೆಣದ ಮುಂದೆ ಮೊದಲ ದನಿ ಮನೆಯ ಹೆಂಗಸಿನದಾಗಬೇಕು. ಅವಳು ಎತ್ತಿದ ಮೇಲೆ ಉಳಿದವರು ಸೇರುತ್ತಾರೆ. ಅತ್ತೆಗೆ ಮೂವರು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ. ಹಡಗಲಿಯ ಓರಗಿತ್ತಿಗೆ, ಕೂಡ್ಲಿಗಿಯ ಓರಗಿತ್ತಿಗೆ ಹಾಡ್ಯಾಡಿ ಅಳುವುದು ಬರುವುದಿಲ್ಲ, ಕರ್ಚೀಫಿನಲ್ಲಿ ಮೂಗು ಒರೆಸಿಕೊಂಡು ಕೂತಿದ್ದರು. ಮೂವರು ಮಕ್ಕಳನ್ನು ಹೆತ್ತ ತಾಯಿಯ ಮುಂದೆ ಒಂದು ದನಿ ಏಳುತ್ತಿಲ್ಲ ಎಂದು ಹೊರಗೆ ಆಗಲೇ ಪಿಸುಪಿಸು ಶುರುವಾಗಿತ್ತು. ಎದುರು ಮನೆಯ ಅಕ್ಕ ನನ್ನ ಭುಜ ಹಿಡಿದರು.

"ನೀ ಎತ್ತವ್ವ. ಮನೀ ಸೊಸಿ ದನಿ ತೆಗಿಲಾರದ ನಾವು ಹೆಂಗ ಅಳಾನು? ನಿನ್ನ ಕಂಠ ನಮಗ ಗೊತ್ತಿಲ್ಲೇನು."

ಗೊತ್ತಿತ್ತಂತೆ. ಹಾರ ತಂದಿದ್ದ ಮೈದುನ, "ಹೌದು ಅತ್ತಿಗಿ, ನೀವಽ ಎತ್ತಬೇಕು" ಎಂದ. ನಾನು ಗಂಡನ ಮುಖ ನೋಡಿದೆ. ಅವರು ಕಣ್ಣು ತುಂಬಿಕೊಂಡು, "ಒಮ್ಮಿ ದನಿ ತೆಗಿ. ಅವ್ವಗ ಕಡಿಮಿ ಆಗೋದು ಬ್ಯಾಡ" ಎಂದರು. ಸಣ್ಣಗೆ ಎನ್ನಲಿಲ್ಲ. ಯಾರಿಗೂ ಕೇಳದಂತೆ ಎನ್ನಲಿಲ್ಲ.

ನನಗೆ ಸಾವಿನ ಹಾಡು ಬರುವುದಿಲ್ಲ. ಯಾರೂ ಕಲಿಸಿಲ್ಲ. ನನಗೆ ಆ ಎತ್ತರದಲ್ಲಿ ಬರುವುದು ಒಂದೇ ಹಾಡು. ಸಿಟ್ಟು ಕಾಲಿನಿಂದ ಏರಿ ಬಂತು, ಎದ್ದು ನಿಂತೆ, ಅದನ್ನೇ ಎತ್ತಿದೆ. ನಿಧಾನದ ಭಾಗ ಮುಗಿಯುವ ಹೊತ್ತಿಗೆ ಭಜನೆಯವರು ತಾಳ ನಿಲ್ಲಿಸಿದ್ದರು. ವೇಗದ ಭಾಗಕ್ಕೆ ಬಂದಾಗ ಹೆಂಗಸರು ಸೇರಿಕೊಂಡರು. ನನ್ನ ಒಂದೊಂದು ಇಟಾಲಿಯನ್ ಸಾಲು ಮುಗಿದಾಗಲೂ ಇಪ್ಪತ್ತು ಜನ ಎದೆ ಬಡಿದುಕೊಂಡು, "ಎಲ್ಲಿ ಹೋದ್ಯವ್ವ ನಮ್ಮವ್ವ" ಎಂದರು. ಅತ್ತೆಯನ್ನೇ ನೋಡುತ್ತಾ ಹಾಡಿದೆ. ಪ್ರೀತಿಸಿದವನ ಹೆಸರನ್ನು ಅವರ ವಿಭೂತಿಯ ಮುಖಕ್ಕೆ ಎದುರಾಗಿ ಕರೆದೆ. ಕೊನೆಯ ಸಾಲು ಮೆಟ್ಟಿಲು ಹತ್ತಿತು, ಮೇಲೆ ಹೋಗಿ ನಿಂತಿತು, ಒಡೆಯಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ. ಸುಳ್ಳು ಹೇಳುವುದಿಲ್ಲ, ಆ ಒಂದು ಗಳಿಗೆ ನನಗೆ ಸಂತೋಷವಾಯಿತು. ಮರುಗಳಿಗೆ ಅತ್ತೆಯ ತೆರೆದ ಬಾಯಿಯನ್ನು ನೋಡಿ ಪಾಪ ಎನ್ನಿಸಿತು. ಅದಾದ ಮೇಲೆ ಕೇಳಬೇಕಾದ ಇಬ್ಬರಲ್ಲಿ ಒಬ್ಬರಿಗೆ ಕಿವಿಯಿಲ್ಲ, ಇನ್ನೊಬ್ಬರು ಕೇಳಿಯೂ ತಲೆ ತಗ್ಗಿಸಿಕೊಂಡು ಕೂತಿದ್ದಾರೆ ಎಂದು ನೆನಪಾಗಿ ಸೆರಗಿನಿಂದ ಮುಖ ಮುಚ್ಚಿಕೊಂಡೆ. ಅದನ್ನೂ ಜನ ದುಃಖ ಎಂದೇ ತಿಳಿದರು.

"ಹೊಟ್ಟ್ಯಾಗ ಹುಟ್ಟಿದ ಮಗಳೂ ಹಿಂಗ ಅಳಂಗಿಲ್ಲ ಬಿಡು" ಎಂದು ಎದುರು ಮನೆಯ ಅಕ್ಕ ನನ್ನ ಬೆನ್ನು ಸವರಿದರು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದಿದ್ದರು. ಕೂಡ್ಲಿಗಿಯವರೆಗೆ, ಉಚ್ಚಂಗಿದುರ್ಗದವರೆಗೆ ಹೋಯಿತು. ಮಾತು ತಿಳಿಯಲಿಲ್ಲ, ಆದರೆ ಕರುಳು ಕಿತ್ತು ಬಂತು ಎಂದು ಗೊತ್ತಿಲ್ಲದವರು ಫೋನು ಮಾಡಿ ಹೇಳಿದರು. ನಮ್ಮ ಓಣಿಯ ಮೂವರು ಮುದುಕಿಯರು, ತಮ್ಮ ಮಣ್ಣಿಗೂ ನಾನೇ ಬಂದು ಅಳಬೇಕೆಂದು ಈಗಲೇ ಮಾತು ತೆಗೆದುಕೊಂಡಿದ್ದಾರೆ. ಮನೆಯಲ್ಲಿ ಹಾಡಿದರೆ ಅಪಶಕುನ ಎಂದವರೂ ಇವರೇ.

ಹನ್ನೊಂದು ದಿನದ ಕಾರ್ಯ ಮುಗಿದು ಬಂಧುಗಳೆಲ್ಲ ಹೊರಟರು. ಮರುದಿನ ಮಧ್ಯಾಹ್ನ ನಾನು ಪಾತ್ರೆ ಒರೆಸಿ ಇಡುತ್ತಿದ್ದೆ. ನಮ್ಮವರು ನಡುಮನೆಯಲ್ಲಿ ಕೂತಿದ್ದವರು ಕರೆದರು.

"ಆವತ್ತು ನೀ ಎತ್ತಿದ್ದು ಅದಽ ಹಾಡಲ್ಲ?"

"ಹೌದ್ರಿ."

"ನನಗ ಗೊತ್ತಾತು. ಹೆಸರು ಕರೀತಾಳ ಅಂತ ಹೇಳಿದ್ದಿ." ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು. "ನನಗಂತ ಒಮ್ಮಿ ಹಾಡು. ಪೂರ್ತಿ."

ನನ್ನ ಕೈಯಲ್ಲಿ ತಟ್ಟೆ ಇತ್ತು. ಅದನ್ನು ಎಲ್ಲಿ ಇಟ್ಟೆನೋ ಗೊತ್ತಿಲ್ಲ. ಇಪ್ಪತ್ತೆರಡು ವರ್ಷದ ಸಿಟ್ಟು ಒಂದೇ ಮಾತಿಗೆ ಕರಗಿತು, ಹೆಣ್ಣಿನ ಸಿಟ್ಟು ಇಷ್ಟು ಅಗ್ಗವೇ ಎಂದು ನನಗೇ ನಾಚಿಕೆಯಾಗುವಂತೆ ಕರಗಿತು. ಸೆರಗಿನಿಂದ ಕೈ ಒರೆಸಿಕೊಂಡು, ಅವರ ಎದುರು ಬಂದು ನಿಂತು, ಉಸಿರು ತುಂಬಿಕೊಂಡೆ.

"ತಡಿ" ಎಂದರು ಅವರು. ಎದ್ದು ಹೋಗಿ ಬೀದಿಯ ಬಾಗಿಲು ಹಾಕಿ ಚಿಲಕ ಏರಿಸಿದರು. ಎರಡು ಕಿಟಕಿ ಮುಚ್ಚಿದರು. ಹಿತ್ತಲ ಬಾಗಿಲನ್ನೂ ನೋಡಿ ಬಂದರು. ಬಂದು ಕುರ್ಚಿಯಲ್ಲಿ ಕೂತು, "ಹಾಂ, ಈಗ ಹಾಡು" ಎಂದರು.

ತುಂಬಿಕೊಂಡ ಉಸಿರನ್ನು ಬಿಟ್ಟೆ.

"ನೀವು ಸತ್ತ ದಿನ ಹಾಡ್ತೀನ್ರಿ" ಎಂದೆ. "ಆವತ್ತು ಬಾಗಲಾ ತೆಗದಽ ಇರತೈತಿ."